ಪದಕದ ಎರಡು ಅಕ್ಷರಗಳು

ಪ್ರಾರ್ಥನಾಮಂದಿರದ ಜಗಲಿಯ ಮೇಲೆ ಕುಳಿತಿದ್ದ ಶಿಷ್ಯ ಕೇಳಿದ: "ಗುರುಗಳೇ, ನಮ್ಮ ಗ್ರಂಥಕ್ಕೆ ಹೃದಯವಿದೆ ಎಂದು ನೀವು ಹೇಳುತ್ತೀರಿ. ಹೃದಯ ಇರುವುದು ದೇಹದ ನಡುವೆ. ಅದಕ್ಕೇ ನಾನು ಗ್ರಂಥದ ನಡುಭಾಗವನ್ನು ಹುಡುಕಿ ತೆಗೆದು ಓದಿದೆ. ಹೊಟ್ಟೆಯ ಮೇಲೆ ಹರಿದಾಡುವ ಪ್ರಾಣಿಗಳನ್ನು ತಿನ್ನಬಾರದು ಎಂಬ ನಿಯಮ ಬಿಟ್ಟರೆ ಅಲ್ಲಿ ಬೇರೇನೂ ಸಿಗಲಿಲ್ಲ. ಹಾಗಾದರೆ ಹೃದಯ ಎಲ್ಲಿದೆ?"

ಗುರುಗಳಿಗೆ ನಗು ಬಂತು. ಗ್ರಂಥವನ್ನೂ ಮೀನಿನ ಹಾಗೆ ಕೊಯ್ದು ನೋಡಿದೆಯಲ್ಲ ಮಹಾರಾಯ, ನಿನ್ನಂಥ ಶಿಷ್ಯ ಸಿಕ್ಕಿದ್ದು ನನ್ನ ಪುಣ್ಯ ಎಂದರು. ಶಿಷ್ಯನ ಮುಖ ಸಪ್ಪಗಾಯಿತು. ಅವನು ತಮಾಷೆಗೆ ಕೇಳಿರಲಿಲ್ಲ. ಅದನ್ನು ಕಂಡು ಗುರುಗಳು ನಗು ನಿಲ್ಲಿಸಿ ಈ ಕತೆ ಹೇಳಿದರು.

ಒಂದು ಬಂದರಿನ ಊರು. ಅಲ್ಲಿ ನಮ್ಮ ಯೆಹೂದಿಗಳ ಒಂದು ಬೀದಿ. ಬೀದಿಗೆ ಒಂದು ಪ್ರಾರ್ಥನಾಮಂದಿರ, ಮಂದಿರಕ್ಕೆ ಒಂದೇ ಒಂದು ಗ್ರಂಥ. ಗ್ರಂಥವೆಂದರೆ ಚರ್ಮದ ಹಾಳೆಗಳನ್ನು ಒಂದಕ್ಕೊಂದು ಹೊಲಿದು ಎರಡು ಕೋಲುಗಳಿಗೆ ಸುತ್ತಿದ ಸುರುಳಿ. ಅದನ್ನು ಕೈಯಲ್ಲೇ ಬರೆಯಬೇಕು. ಆ ಊರಿನಲ್ಲಿ ಗ್ರಂಥ ಬರೆಯಬಲ್ಲ ಒಬ್ಬ ಲಿಪಿಕಾರನಿದ್ದ. ಅಲ್ಲಿನ ಸುರುಳಿಯನ್ನು ಬರೆದವನು ಅವನ ತಾತ. ಈಗ ಅದನ್ನು ಕಾಯುತ್ತಿದ್ದವನು ಲಿಪಿಕಾರ. ಬೀದಿಗೆ ಅವನೇ ಹಿರಿಯ. ಅವನ ಮಾತಿಗೆ ಎದುರು ಮಾತಿರಲಿಲ್ಲ.

ಬರೆಯುವವರಿಗೆ ಒಂದು ನಿಯಮವಿದೆ. ಗ್ರಂಥದ ಒಂದಕ್ಷರವನ್ನೂ ನೆನಪಿನಿಂದ ಬರೆಯುವಂತಿಲ್ಲ. ಇಡೀ ಗ್ರಂಥ ಬಾಯಿಪಾಠ ಬಂದರೂ ಅಷ್ಟೇ. ಹಳೆಯ ಬರಹವೊಂದನ್ನು ಎದುರಿಗಿಟ್ಟುಕೊಂಡು, ಪ್ರತಿ ಅಕ್ಷರವನ್ನೂ ಕಣ್ಣಾರೆ ಕಂಡು ಬರೆಯಬೇಕು. ನೆನಪಿಗೆ ತನ್ನದೇ ಚಪಲಗಳಿರುತ್ತವೆ, ಅದನ್ನು ನಂಬಬಾರದು ಎಂದು ಲಿಪಿಕಾರ ಹೇಳುತ್ತಿದ್ದ. ಈ ನಿಯಮವನ್ನು ಅವನು ಜೀವಮಾನದಲ್ಲಿ ಒಮ್ಮೆಯೂ ಮುರಿದಿರಲಿಲ್ಲ.

ಓದುವವರಿಗೂ ಒಂದು ಪದ್ಧತಿಯಿದೆ. ಗ್ರಂಥವನ್ನು ವಾರಕ್ಕಿಷ್ಟು ಎಂದು ಓದುತ್ತಾ ವರ್ಷಕ್ಕೆ ಮುಗಿಸುತ್ತಾರೆ. ಮುಗಿಯುವ ದಿನ ಹಬ್ಬ. ಆ ದಿನ ಕೊನೆಯ ಮಾತನ್ನು ಓದಿ ಸುಮ್ಮನೆ ಕೂರುವಂತಿಲ್ಲ. ತಡಮಾಡದೆ ಮತ್ತೆ ಮೊದಲ ಮಾತಿನಿಂದ ಶುರು ಮಾಡಬೇಕು. ನಡುವೆ ಬಿಡುವು ಕೊಟ್ಟರೆ ಯಾರಾದರೂ 'ಮುಗಿಯಿತು' ಎಂದುಬಿಟ್ಟಾರು ಎಂಬ ಭಯ. ಆ ಬೀದಿಯ ಮಕ್ಕಳಿಗಂತೂ ಅದೇ ಹಬ್ಬದ ಮಜಾ. ಕೊನೆಯ ಮಾತು ಬೀಳುವುದನ್ನೇ ಕಾದಿದ್ದು, ಓದುವವನಿಗಿಂತ ಮುಂಚೆ ಮೊದಲ ಮಾತನ್ನು ಒಕ್ಕೊರಲಿನಿಂದ ಕೂಗುತ್ತಿದ್ದವು. ದೊಡ್ಡವರೂ ಹಾಗೆ ಕೂಗಿಯೇ ದೊಡ್ಡವರಾದವರು.

ಅದೇ ಬೀದಿಯಲ್ಲಿ ಒಬ್ಬ ಅಕ್ಕಸಾಲಿಯಿದ್ದ. ಸುರುಳಿಯ ಕೋಲುಗಳಿಗೆ ತೊಡಿಸುವ ಬೆಳ್ಳಿಯ ಒಡವೆಗಳಿಗೆ ಮೆರುಗು ಕೊಡುವುದು ಅವನ ಕೆಲಸ. ಅವನಿಗೆ ಮದುವೆ ಗೊತ್ತಾಯಿತು. ಹೆಂಡತಿಗೆ ಏನು ಮಾಡಿಕೊಡಲಿ ಎಂದು ಯೋಚಿಸಿದ. ಬಳೆ ಎಲ್ಲರೂ ಕೊಡುತ್ತಾರೆ, ಸರವೂ ಎಲ್ಲರೂ ಕೊಡುತ್ತಾರೆ. ಅವನು ಒಂದು ಚಿನ್ನದ ಪದಕ ಮಾಡಿದ. ಅದರ ಮೇಲೆ ಎರಡೇ ಅಕ್ಷರ. ಒಂದು ಲಾಮೆದ್, ನಮ್ಮ ಗ್ರಂಥದ ಕಟ್ಟಕಡೆಯ ಅಕ್ಷರ. ಇನ್ನೊಂದು ಬೇತ್, ಗ್ರಂಥದ ಮೊಟ್ಟಮೊದಲ ಅಕ್ಷರ. ಕೊನೆಯದರ ಪಕ್ಕದಲ್ಲಿ ಮೊದಲನೆಯದನ್ನು ಇಟ್ಟರೆ ಹೀಬ್ರೂ ಭಾಷೆಯಲ್ಲಿ ಅದು ಹೃದಯ ಎಂಬ ಮಾತು. ಆ ಭಾಷೆಯಲ್ಲಿ ಪ್ರತಿ ಅಕ್ಷರವೂ ಒಂದು ಸಂಖ್ಯೆ. ಆ ಎರಡು ಅಕ್ಷರಗಳನ್ನು ಕೂಡಿಸಿದರೆ ಮೂವತ್ತೆರಡು, ಜ್ಞಾನದ ಮೂವತ್ತೆರಡು ದಾರಿಗಳು ಹೃದಯದಲ್ಲೇ ಕೂಡುತ್ತವೆ ಎಂದು ನಮ್ಮ ಅನುಭಾವಿಗಳು ಹೇಳಿದ್ದಾರೆ. ಅಕ್ಕಸಾಲಿಗೆ ಅಷ್ಟೆಲ್ಲ ಗೊತ್ತಿರಲಿಲ್ಲ. ಅವನು ಹೆಂಡತಿಗೆ ತನಗೆ ತಿಳಿದಂತೆ ಹೇಳಿದ. ಈ ಲಾಮೆದ್ ಉಳಿದೆಲ್ಲ ಅಕ್ಷರಗಳಿಗಿಂತ ಎತ್ತರ, ಕತ್ತು ಚಾಚಿ ಯಾರು ಬಂದರು ಎಂದು ನೋಡುತ್ತದೆ. ಈ ಬೇತ್ ಮೂರು ಗೋಡೆಯ ಮನೆ, ಬಂದವರಿಗಾಗಿ ಒಂದು ಕಡೆ ತೆರೆದೇ ಇರುತ್ತದೆ. ಹೃದಯ ಮಾಡುವ ಕೆಲಸವೂ ಇಷ್ಟೇ ತಾನೇ ಎಂದ. ಅವಳಿಗೆ ಆ ಮಾತು ಪದಕಕ್ಕಿಂತ ಹಿಡಿಸಿತು.

ಪದಕ ಹಾಕಿಕೊಂಡು ಅವಳು ಪ್ರಾರ್ಥನೆಗೆ ಬಂದಳು. ಲಿಪಿಕಾರ ನೋಡಿದ. ಅವನ ಮುಖ ಬಿಗಿಯಿತು. ಗ್ರಂಥದ ಅಕ್ಷರಗಳಿರುವುದು ಓದುವುದಕ್ಕೆ, ಸಿಂಗಾರಕ್ಕಲ್ಲ, ಅದನ್ನು ತೆಗೆದಿಟ್ಟು ಒಳಗೆ ಬಾ ಎಂದ. ಇದು ಸಿಂಗಾರವಲ್ಲ, ನನ್ನ ಗಂಡ ಕೊಟ್ಟ ಹೃದಯ, ತೆಗೆಯಲಾರೆ ಎಂದಳು ಅವಳು. ಹಾಗಾದರೆ ಒಳಗೆ ಬರಬೇಡ ಎಂದ. ಸರಿ ಎಂದಳು.

ಅವಳು ಮನೆಗೆ ಹೋಗಲಿಲ್ಲ. ಮಂದಿರದ ಜಗಲಿಯ ಮೇಲೆ, ಕಿಟಕಿಯ ಪಕ್ಕ ಕುಳಿತು ಓದು ಕೇಳಿಸಿಕೊಂಡಳು. ಮುಂದಿನ ವಾರವೂ ಅಲ್ಲೇ ಕುಳಿತಳು. ಅಕ್ಕಸಾಲಿ ಬೇಡಿಕೊಂಡ. ಪ್ರಾರ್ಥನೆಯ ಹೊತ್ತಿಗಷ್ಟೇ ಪದಕವನ್ನು ಪೆಟ್ಟಿಗೆಯಲ್ಲಿಡು, ಊರೆಲ್ಲ ಆಡಿಕೊಳ್ಳುತ್ತಿದೆ ಎಂದ. ಹೊತ್ತು ನೋಡಿ ಪೆಟ್ಟಿಗೆಗೆ ಹಾಕುವುದಾದರೆ ಹೃದಯ ಎಂದು ಯಾಕೆ ಕೊಟ್ಟೆ ಎಂದು ಅವಳು ಕೇಳಿದಳು. ಹೀಗೆ ವರ್ಷಗಳು ಕಳೆದವು. ಮಳೆಗಾಲದಲ್ಲಿ ಎರಚಲು ಹೊಡೆದರೂ ಅವಳು ಜಗಲಿ ಬಿಡಲಿಲ್ಲ. ಲಿಪಿಕಾರನೂ ಬಾಗಿಲಲ್ಲಿ ಸೋಲಲಿಲ್ಲ. ಇಬ್ಬರೂ ಹಟಮಾರಿಗಳು. ಆದರೆ ಒಂದು ಮಾತು ಹೇಳಬೇಕು. ಆ ಮಂದಿರದಲ್ಲಿ ಓದನ್ನು ಅವಳಷ್ಟು ಕಿವಿಗೊಟ್ಟು ಕೇಳಿದವರು ಒಳಗೆ ಕುಳಿತವರಲ್ಲಿ ಯಾರೂ ಇರಲಿಲ್ಲ.

ಒಂದು ಮಳೆಗಾಲ ಕಡಲು ಉಕ್ಕಿ ಬೀದಿಗೆ ನುಗ್ಗಿತು. ಜನ ಮಾಳಿಗೆ ಹತ್ತಿ ಜೀವ ಉಳಿಸಿಕೊಂಡರು. ನೀರು ಇಳಿದ ಮೇಲೆ ಲಿಪಿಕಾರ ಕೆಸರು ತುಳಿದುಕೊಂಡು ಮಂದಿರಕ್ಕೆ ಓಡಿದ. ಗ್ರಂಥದ ಕಪಾಟು ಮಗುಚಿ ಬಿದ್ದಿತ್ತು. ಸುರುಳಿಯನ್ನು ಎತ್ತಿ ಬಿಚ್ಚಿದ. ಉಪ್ಪುನೀರಿನಲ್ಲಿ ನೆನೆದು ಮಸಿ ಕರಗಿಹೋಗಿತ್ತು. ಇನ್ನೂ ಬಿಚ್ಚಿದ, ಮತ್ತೂ ಬಿಚ್ಚಿದ. ಉದ್ದಕ್ಕೂ ಬರೀ ಬೂದುಬಣ್ಣದ ಕಲೆ. ತಾತ ಬರೆದ ಒಂದಕ್ಷರವೂ ಉಳಿದಿರಲಿಲ್ಲ. ಆ ಗಟ್ಟಿ ಮುದುಕ ಕೆಸರಿನಲ್ಲೇ ಕುಳಿತು ಅತ್ತುಬಿಟ್ಟ.

ಗ್ರಂಥವಿಲ್ಲದೆ ಮಂದಿರವಿಲ್ಲ, ಮಂದಿರವಿಲ್ಲದೆ ಬೀದಿಯಿಲ್ಲ. ಬಡಗಣ ಬಂದರಿನವರನ್ನು ಒಂದು ಗ್ರಂಥ ಎರವಲು ಕೇಳೋಣ ಎಂದು ಯಾರೋ ಅಂದರು. ಮುಳುಗಿದ ಊರಿಗೆ ಯಾರು ಗ್ರಂಥ ಕೊಡುತ್ತಾರೆ ಎಂದು ಉಳಿದವರು ತಲೆಯಾಡಿಸಿದರು. ಅದಕ್ಕಿಂತ ನಾವೇ ಅಲ್ಲಿಗೆ ಹೋಗಿ ನೆಲೆಸುವುದು ಮೇಲು, ನನ್ನ ಹಡಗಿದೆ ಎಂದ ಒಬ್ಬ ವರ್ತಕ. ಲಿಪಿಕಾರನನ್ನು ಕೇಳಿದರು. ತನಗೆ ವಯಸ್ಸಾಯಿತು, ಕಣ್ಣು ಮಂಜಾಯಿತು, ನೋಡಿ ಬರೆಯಲು ಊರಿನಲ್ಲಿ ಒಂದಕ್ಷರವೂ ಇಲ್ಲ, ಹೋಗುವುದೇ ಸರಿ ಎಂದ. ಅವನೇ ಹಾಗೆಂದ ಮೇಲೆ ಮಾತು ಮುಗಿಯಿತು. ಜನ ಗಂಟುಮೂಟೆ ಕಟ್ಟಿದರು. ಅಕ್ಕಸಾಲಿಯೂ ತಿದಿ, ಸುತ್ತಿಗೆಗಳನ್ನು ಗೋಣಿಗೆ ಹಾಕಿದ. ಅವನ ಹೆಂಡತಿ ಮಾತ್ರ ಒಂದು ಪಾತ್ರೆಯನ್ನೂ ಮುಟ್ಟಲಿಲ್ಲ. ಆ ಊರಿನಲ್ಲಿ ನಾನು ಯಾರ ಜಗಲಿಯ ಮೇಲೆ ಕೂರಲಿ ಎಂದಳು. ನಗಿಸಲು ಹೇಳಿದ ಮಾತಲ್ಲ. ಅವಳು ಹುಟ್ಟಿದ್ದು, ಬೆಳೆದದ್ದು, ಹಟ ಹಿಡಿದದ್ದು ಎಲ್ಲ ಆ ಬೀದಿಯಲ್ಲೇ.

ಹೊರಡುವ ಮೊದಲು ಒಂದು ಕೆಲಸ ಬಾಕಿಯಿತ್ತು. ಕೆಟ್ಟ ಗ್ರಂಥವನ್ನು ನಮ್ಮವರು ಎಸೆಯುವುದಿಲ್ಲ. ತೀರಿಕೊಂಡ ಹಿರಿಯರಿಗೆ ಮಾಡುವ ಹಾಗೆ ಮಣ್ಣು ಮಾಡುತ್ತಾರೆ. ಸುರುಳಿಯನ್ನು ಮಣ್ಣಿನ ಗುಡಾಣದಲ್ಲಿಟ್ಟು ಗುಂಡಿಗೆ ಇಳಿಸಿದರು. ಬೀದಿಯ ಜನರೆಲ್ಲ ಸುತ್ತ ನಿಂತಿದ್ದರು. ಬೀಳ್ಕೊಡುವ ಮಾತು ಏನು ಹೇಳಬೇಕೆಂದು ಲಿಪಿಕಾರನಿಗೆ ತೋಚಲಿಲ್ಲ. ಗ್ರಂಥದ ಕೊನೆಯ ಸಾಲುಗಳನ್ನೇ ಬಾಯಿಪಾಠವಾಗಿ ಹೇಳತೊಡಗಿದ. ಕೊನೆಯ ಮಾತು ಬಂತು. ಹೇಳಿ ನಿಲ್ಲಿಸಿದ. ಹಿಡಿಮಣ್ಣು ಹಾಕಲು ಬಗ್ಗಿದ.

ಆಗ ಅಕ್ಕಸಾಲಿಯ ಹೆಂಡತಿಯ ಬಾಯಿಂದ ಗ್ರಂಥದ ಮೊದಲ ಮಾತು ಹೊರಬಿತ್ತು.

ಬೇಕೆಂದು ಹೇಳಿದ್ದಲ್ಲ. ಹುಟ್ಟಿದಾಗಿನಿಂದ ಪ್ರತಿ ಹಬ್ಬದಲ್ಲೂ ಕೊನೆಯ ಮಾತಿನ ಬೆನ್ನಿಗೇ ಕೂಗಿದ ಮಾತು ಅದು. ಅಭ್ಯಾಸಬಲ, ಬಾಯಿ ಸುಮ್ಮನಿರಲಿಲ್ಲ. ಅವಳು ನಾಲಗೆ ಕಚ್ಚಿಕೊಂಡಳು. ಅಷ್ಟರಲ್ಲಿ ಮಕ್ಕಳಿಗೆ ಕೇಳಿಸಿತ್ತು. ಮಕ್ಕಳು ಕೂಗಿದವು. ಮಕ್ಕಳ ಹಿಂದೆ ತಾಯಂದಿರು, ತಾಯಂದಿರ ಹಿಂದೆ ಗಂಡಸರು, ಯಾರಿಗೂ ತಡೆದುಕೊಳ್ಳಲಾಗಲಿಲ್ಲ. ಸಮಾಧಿಯ ಬಳಿ ನಿಂತು ಇಡೀ ಬೀದಿ ಗ್ರಂಥದ ಮೊದಲ ಮಾತನ್ನು ಕೂಗಿತು. ಕೂಗಿ ತಪ್ಪಿತಸ್ಥರಂತೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಲಿಪಿಕಾರ ಕೆರಳಿದ. "ಇದು ಹಬ್ಬವಲ್ಲ ತಾಯಿ. ಮಣ್ಣು ಮಾಡಲು ಬಂದಿದ್ದೇವೆ."

"ಗೊತ್ತು ಹಿರಿಯರೇ," ಎಂದಳು ಅವಳು. "ಆದರೆ ಕೊನೆಯ ಮಾತು ಹೇಳಿದವರು ನೀವು. ಅದಾದ ಮೇಲೆ ಸುಮ್ಮನಿರಬಾರದು ಎಂದು ಕಲಿಸಿದವರೂ ನೀವೇ."

ಲಿಪಿಕಾರನ ಕೈಯಲ್ಲಿದ್ದ ಮಣ್ಣು ಕೈಯಲ್ಲೇ ಉಳಿಯಿತು. ಬಾಯಲ್ಲಿ ಶುರು ಮಾಡಿದರೆ ಗ್ರಂಥವಾಗುವುದಿಲ್ಲ, ಬರೆಯಬೇಕು, ಬರೆಯಲು ಎದುರಿಗೆ ಅಕ್ಷರ ಬೇಕು, ಎಲ್ಲಿದೆ ಅಕ್ಷರ ಎಂದು ಕೇಳಿದ. ಸಿಟ್ಟಿನಲ್ಲಿ ಶುರುವಾದ ಮಾತು ಅಳುವಿನಲ್ಲಿ ನಿಂತಿತು.

ಅವಳು ಕತ್ತಿನ ಹಿಂದೆ ಕೈಹಾಕಿದಳು. ಮದುವೆಯಾದಂದಿನಿಂದ ತೆಗೆಯದ ಪದಕವನ್ನು ತೆಗೆದಳು. ಲಿಪಿಕಾರನ ಮುಂದೆ ಹಿಡಿದಳು.

ಲಿಪಿಕಾರ ಅದನ್ನು ಮುಟ್ಟಲಿಲ್ಲ. ಅಕ್ಕಸಾಲಿಯ ಕಡೆಗೆ ತಿರುಗಿ, ಈ ಅಕ್ಷರಗಳನ್ನು ನೆನಪಿನಿಂದ ಮಾಡಿದೆಯೋ ನೋಡಿ ಮಾಡಿದೆಯೋ ಎಂದು ಕೇಳಿದ. ಅಕ್ಕಸಾಲಿ ಹೇಳಿದ. ಸುರುಳಿಯ ಬೆಳ್ಳಿಗೆ ಮೆರುಗು ಕೊಡಲು ಬಂದಾಗ ಸುರುಳಿ ಬಿಚ್ಚಿಟ್ಟಿತ್ತು, ಆ ಎರಡು ಅಕ್ಷರಗಳನ್ನು ಎದುರಿಗೇ ಕುಳಿತು ಮೇಣದ ಮೇಲೆ ಗೀಚಿಕೊಂಡೆ, ಆ ಮೇಣವನ್ನು ಮುಂದಿಟ್ಟುಕೊಂಡು ತಗಡಿನ ಹಿಂಬದಿಯಿಂದ ಬಡಿದು ಮುಂಬದಿಗೆ ಅಕ್ಷರ ಎಬ್ಬಿಸಿದೆ ಎಂದ. ಅಕ್ಷರಕ್ಕೆ ಅಕ್ಷರ ತಾಗಬಾರದೆಂಬ ಲಿಪಿಕಾರರ ನಿಯಮವನ್ನೂ ಪಾಲಿಸಿದ್ದೇನೆ, ನಡುವೆ ಕೂದಲೆಳೆಯಷ್ಟು ಜಾಗ ಬಿಟ್ಟಿದ್ದೇನೆ ಎಂದ.

ಆಗ ಲಿಪಿಕಾರ ಪದಕ ತೆಗೆದುಕೊಂಡ. ಕಣ್ಣಿನ ಹತ್ತಿರ ತಂದ. ತಾತ ಬೇತ್ ಬರೆಯುವಾಗ ಅದರ ಬುಡದಲ್ಲಿ ಹಿಮ್ಮಡಿಯ ಹಾಗೆ ಒಂದು ಸಣ್ಣ ಚಾಚು ಬಿಡುತ್ತಿದ್ದ, ಬೇರೆ ಯಾವ ಲಿಪಿಕಾರನೂ ಅದನ್ನು ಅಷ್ಟು ದುಂಡಗೆ ಬಿಡುತ್ತಿರಲಿಲ್ಲ. ಆ ಹಿಮ್ಮಡಿ ಅಲ್ಲಿತ್ತು. ಲಾಮೆದ್‌ನ ಕತ್ತು ತಾತನ ಕೈಯಲ್ಲಿ ಸ್ವಲ್ಪ ಹಿಂದಕ್ಕೆ ವಾಲುತ್ತಿತ್ತು. ಇಲ್ಲೂ ವಾಲಿತ್ತು. ಇಷ್ಟು ವರ್ಷ ಬಾಗಿಲಲ್ಲಿ ನಿಂತು ಆ ಪದಕವನ್ನು ಒಳಗೆ ಬಿಡದವನು ಅದನ್ನು ಒಮ್ಮೆಯೂ ಓದಿರಲಿಲ್ಲ. ತಾತನ ಕೈ ಅದರಲ್ಲಿತ್ತು. ಕಡಲು ಮುಟ್ಟದೆ ಬಿಟ್ಟ ಎರಡೇ ಅಕ್ಷರಗಳು ಅವು.

ಗುಂಪಿನಲ್ಲಿದ್ದ ವರ್ತಕನಿಗೆ ಅನುಮಾನ ಬಂತು. ಚಿನ್ನದ ಮೇಲಿರುವುದು ಒಡವೆಯೇ ಹೊರತು ಬರಹವಾದೀತೇ ಎಂದ. ಲಿಪಿಕಾರ ಪದಕವನ್ನು ಮತ್ತೊಮ್ಮೆ ಬೆಳಕಿಗೆ ಹಿಡಿದು ನೋಡಿದ. ಹಿಂದೆ ನಮ್ಮ ಮಹಾಯಾಜಕರು ಹಣೆಗೆ ಒಂದು ಚಿನ್ನದ ಪಟ್ಟಿ ಕಟ್ಟಿಕೊಳ್ಳುತ್ತಿದ್ದರು, ಅದರ ಮೇಲೆ ದೇವರ ಹೆಸರಿತ್ತು, ಆ ಹೆಸರನ್ನು ಬರಹವೆಂದೇ ನಮ್ಮ ಗ್ರಂಥ ಕರೆದಿದೆ ಎಂದ. ಆಮೇಲೆ ತಲೆಯೆತ್ತಿ, ಚಿನ್ನದ ಬರಹವೂ ಬರಹವೇ, ಇದು ನನ್ನ ತೀರ್ಪು ಎಂದ. ನಿಯಮ ಮುರಿಯದೆಯೇ ಮುದುಕ ದಾರಿ ಕಂಡುಕೊಂಡಿದ್ದ. ಆ ಸಂತೋಷಕ್ಕೆ ಅವನ ಬೆನ್ನು ನೆಟ್ಟಗಾಯಿತು.

ಗುಂಡಿಗೆ ಮಣ್ಣು ಎಳೆದು ಎಲ್ಲರೂ ಮಂದಿರಕ್ಕೆ ಬಂದರು. ಒಳಗೆ ಮೊಣಕಾಲುದ್ದ ಕೆಸರು. ಜಗಲಿಯ ಮೇಲೆ, ಅವಳು ಕೂರುತ್ತಿದ್ದ ಜಾಗದಲ್ಲೇ ಲಿಪಿಕಾರ ಮಣೆ ಹಾಕಿಕೊಂಡ. ಅಟ್ಟದ ಮೇಲೆ ನೆನೆಯದೆ ಉಳಿದಿದ್ದ ಒಂದು ಚರ್ಮದ ಹಾಳೆ ತಂದರು. ಅಕ್ಕಸಾಲಿ ಪದಕವನ್ನು ಬೆಳಕಿಗೆ ಓರೆಯಾಗಿ ಹಿಡಿದ. ಲಿಪಿಕಾರ ಮಸಿಯಲ್ಲಿ ಲೇಖನಿ ಅದ್ದಿ, ನೋಡಿ ನೋಡಿ, ಗ್ರಂಥದ ಮೊದಲ ಅಕ್ಷರ ಬರೆದ. ಆ ಅಕ್ಷರವನ್ನು ಉಳಿದವಕ್ಕಿಂತ ದೊಡ್ಡದಾಗಿ ಬರೆಯುವುದು ವಾಡಿಕೆ. ದೊಡ್ಡದಾಗಿಯೇ ಬರೆದ. ಬರೆದು ಲೇಖನಿ ಕೆಳಗಿಟ್ಟ. ಎರಡನೆಯ ಅಕ್ಷರ ಊರಿನ ಚಿಕ್ಕ ಮಗುವಿಗೂ ಗೊತ್ತಿತ್ತು. ನೋಡಿ ಬರೆಯಲು ಮಾತ್ರ ಇರಲಿಲ್ಲ.

ಅಷ್ಟಗಲದ ಹಾಳೆಯ ಮೂಲೆಯಲ್ಲಿ ಒಂದೇ ಅಕ್ಷರ. ಜನ ಸಾಲಾಗಿ ಬಂದು ನೋಡಿದರು. ಇಷ್ಟಕ್ಕೆ ನಗಬಹುದಿತ್ತು, ಯಾರೂ ನಗಲಿಲ್ಲ. ಶುರು ಮಾಡಿದ ಗ್ರಂಥವನ್ನು ನಡುವೆ ಬಿಟ್ಟು ನಾನು ಎಲ್ಲಿಗೂ ಬರುವುದಿಲ್ಲ ಎಂದ ಲಿಪಿಕಾರ. ಅವನು ಬರದಿದ್ದರೆ ನಾವೂ ಇಲ್ಲ ಎಂದರು ಜನ. ಕಟ್ಟಿದ ಗಂಟುಗಳನ್ನು ಅಂದೇ ಬಿಚ್ಚಿದರು. ವರ್ತಕ ತಲೆ ಕೆರೆದುಕೊಂಡ. ಜನರನ್ನು ಸಾಗಿಸಲು ನಿಲ್ಲಿಸಿದ್ದ ಹಡಗಿನಲ್ಲಿ ಅವನೊಬ್ಬನೇ ಬಡಗಣ ಬಂದರಿಗೆ ಹೋದ.

ಅಲ್ಲಿಯವರು ಅವನ ಮಾತನ್ನೆಲ್ಲ ಕೇಳಿದರು. ಮುಳುಗಿದ ಊರಿನಲ್ಲಿ ಗ್ರಂಥ ಎಲ್ಲಿಡುತ್ತೀರಿ ಎಂದರು. ನಾವು ಬರೆಯಲು ಶುರು ಮಾಡಿ ಆಗಿದೆ, ನೋಡಿ ಬರೆಯಲು ಒಂದು ಪ್ರತಿ ಬೇಕು ಎಂದ ವರ್ತಕ. ಎಲ್ಲಿಯವರೆಗೆ ಬರೆದಿದ್ದೀರಿ ಎಂದು ಕೇಳಿದರು. ಒಂದಕ್ಷರ ಎಂದ. ಅವರು ಗೊಳ್ಳೆಂದು ನಕ್ಕರು. ಅವನು ನಗದೆ ನಿಂತೇ ಇದ್ದ. ನಗುತ್ತಿದ್ದವರು ಒಬ್ಬೊಬ್ಬರಾಗಿ ಸುಮ್ಮನಾದರು. ಆಮೇಲೆ ತಮ್ಮಲ್ಲಿದ್ದ ಗ್ರಂಥಗಳಲ್ಲಿ ಎಲ್ಲಕ್ಕಿಂತ ಒಳ್ಳೆಯದನ್ನು ಆರಿಸಿ, ರೇಷ್ಮೆಯಲ್ಲಿ ಸುತ್ತಿ ಅವನ ಕೈಗೆ ಕೊಟ್ಟರು.

ಲಿಪಿಕಾರ ಬರೆದ. ಕಣ್ಣು ಮಂಜಾಗಿದೆ ಎಂದಿದ್ದವನು ಬೆಳಗಿನ ಬಿಸಿಲು ಇರುವಷ್ಟು ಹೊತ್ತೂ ಬರೆದ. ಬೀದಿಯವರು ಸರದಿಯ ಮೇಲೆ ಚರ್ಮ ಹದ ಮಾಡಿದರು, ಮಸಿ ಅರೆದರು, ಮಂದಿರದ ಕೆಸರು ತೆಗೆದು ಸುಣ್ಣ ಹೊಡೆದರು. ಗ್ರಂಥ ಬೆಳೆದಂತೆ ಬೀದಿಯೂ ಎದ್ದು ನಿಂತಿತು. ಕೊನೆಯ ಸಾಲು ಬಂದ ದಿನ ಎಲ್ಲರೂ ಬಂದು ಸೇರಿದರು. ಒಂದೇ ಅಕ್ಷರ ಬಾಕಿಯಿದ್ದಾಗ ಲಿಪಿಕಾರ ಎರವಲು ತಂದ ಗ್ರಂಥಕ್ಕೆ ಬಟ್ಟೆ ಮುಚ್ಚಿಸಿದ. ಅಕ್ಕಸಾಲಿಯ ಹೆಂಡತಿಯನ್ನು ಕರೆದು ಪದಕ ಕೇಳಿದ. ತಾತನ ಲಾಮೆದ್ ನೋಡಿ, ಕತ್ತು ಸ್ವಲ್ಪ ಹಿಂದಕ್ಕೆ ವಾಲಿಸಿ, ಕಟ್ಟಕಡೆಯ ಅಕ್ಷರ ಬರೆದ. ಮಸಿ ಆರಿತು. ಅವನು ಬಾಯಿಬಿಟ್ಟು ಕೊನೆಯ ಮಾತನ್ನು ಓದಿದನೋ ಇಲ್ಲವೋ, ಮೊದಲ ಮಾತಿನ ಕೂಗು ಬಂದರಿನವರೆಗೂ ಕೇಳಿಸಿತು. ಹಡಗಿನವರು ಏನಾಯಿತೋ ಎಂದು ಓಡಿ ಬಂದು ನೋಡಿದರೆ ಬೀದಿಗೆ ಬೀದಿಯೇ ಕುಣಿಯುತ್ತಿತ್ತು. ಹಡಗಿನವರೂ ಕುಣಿದರು.

ಗ್ರಂಥವನ್ನು ಒಳಗೆ ಕೊಂಡೊಯ್ಯುವಾಗ ಲಿಪಿಕಾರ ಬಾಗಿಲಲ್ಲಿ ನಿಂತ. ಜಗಲಿಯ ಮೇಲೆ ನಿಂತಿದ್ದ ಅಕ್ಕಸಾಲಿಯ ಹೆಂಡತಿಯ ಕೊರಳಿಗೆ ಪದಕ ಹಾಕುವಂತೆ ಅವಳ ಗಂಡನಿಗೆ ಹೇಳಿದ. ಆಮೇಲೆ ಎಲ್ಲರಿಗೂ ಕೇಳುವಂತೆ ಹೇಳಿದ: "ಮೊದಲು ನೀನು ಒಳಗೆ ನಡೆ ತಾಯಿ. ಗ್ರಂಥ ನಿನ್ನ ಹಿಂದೆ ಬರುತ್ತದೆ."

ಅವಳು ತಲೆಯೆತ್ತಿ ಒಳಗೆ ನಡೆದಳು. ಗ್ರಂಥ ಅವಳ ಹಿಂದೆ ಬಂತು. ಗ್ರಂಥದ ಹಿಂದೆ ಇಡೀ ಬೀದಿ ಬಂತು.

ಇಷ್ಟು ಹೇಳಿ ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನ ಕಣ್ಣು ಒದ್ದೆಯಾಗಿತ್ತು. ಕತೆ ಅವನಿಗೆ ಹಿಡಿಸಿತ್ತು, ಆದರೆ ಮನಸ್ಸು ಇನ್ನೂ ಆ ಗುಡಾಣದ ಸುತ್ತಲೇ ಇತ್ತು. ಆ ಊರು ಯಾವುದು, ಹಳೆಯ ಗ್ರಂಥವನ್ನು ಹೂತ ಜಾಗ ಎಲ್ಲಿದೆ, ಒಮ್ಮೆ ಹೋಗಿ ಕಂಡು ಬರಬೇಕು ಎಂದ.

ಗುರುಗಳು ಹೇಳಿದರು: "ಹೂತ ಜಾಗ ಇಂದು ಯಾರಿಗೂ ಗೊತ್ತಿಲ್ಲ, ಶುರು ಮಾಡಿದ ಜಾಗದ ಮೇಲೆ ನೀನು ಕುಳಿತಿದ್ದೀಯ."

ಶಿಷ್ಯ ಬಗ್ಗಿ ತಾನು ಕುಳಿತಿದ್ದ ಜಗಲಿಯನ್ನು ಮುಟ್ಟಿ ನೋಡಿದ.